ಕೋಸ್ಟರಿಕಾ ಪಾಠ: ಪಾರ್ಕುಗಳ ಪಟ್ಟಿ ಬೇಡ

ಮೇಡಂ, ಒಂಬತ್ತನೇ ಕ್ಲಾಸಿಗೆ ಕೋಸ್ಟರಿಕಾದ ಪ್ರಕೃತಿ ಬಗ್ಗೆ ಎರಡು ಪೀರಿಯಡ್‌ನಲ್ಲಿ ಹೇಗೆ ಹೇಳೋದು ಅಂತ ಕೇಳಿದ್ದೀರಿ. ಸುಮ್ನೆ ನ್ಯಾಷನಲ್ ಪಾರ್ಕುಗಳ ಪಟ್ಟಿ ಬರೆಸಬೇಡಿ. ಮೊದಲು ಭೂಪಟ ಬಿಡಿಸಲಿ: ಎರಡು ಕಡೆ ಸಮುದ್ರ, ನಡುವೆ ಜ್ವಾಲಾಮುಖಿಗಳಿರುವ ಬೆಟ್ಟಸಾಲು. ಪೂರ್ವದ ಕೆರಿಬಿಯನ್ ಸಮುದ್ರದ ಕಡೆ ಹೆಚ್ಚುಕಮ್ಮಿ ವರ್ಷವಿಡೀ ಮಳೆ, ವಾಯವ್ಯದಲ್ಲಿ ತಿಂಗಳುಗಟ್ಟಲೆ ಒಣಹವೆ. ಯಾಕೆ ಅಂತ ಅವರೇ ಹೇಳಲಿ, ಘಟ್ಟದ ಮಳೆನೆರಳು ಓದಿರುತ್ತಾರಲ್ವಾ. ಆಮೇಲೆ ಅಸಲಿ ಕತೆ. ದನ ಮೇಯಿಸೋಕೆ ಅಂತ ಕಡಿದು ಕಡಿದು 1980ರ ದಶಕದ ಹೊತ್ತಿಗೆ ದೇಶದ ಸುಮಾರು ಕಾಲು ಭಾಗದಲ್ಲಿ ಮಾತ್ರ ಕಾಡು ಉಳಿದಿತ್ತು, ಈಗ ಅರ್ಧಕ್ಕಿಂತ ಜಾಸ್ತಿ ಇದೆ. 1996ರ ಕಾಯ್ದೆ ಕಾಡನ್ನು ಹೊಲ, ಹುಲ್ಲುಗಾವಲು ಮಾಡುವುದನ್ನು ನಿಷೇಧಿಸಿತು, ಜೊತೆಗೆ ಕಾಡು ಉಳಿಸಿಕೊಂಡ ಜಮೀನುದಾರರಿಗೆ ಪೆಟ್ರೋಲ್ ತೆರಿಗೆಯಿಂದ ದುಡ್ಡು ಕೊಡೋಕೆ ದಾರಿ ಮಾಡಿತು. ಎರಡನೇ ಪೀರಿಯಡ್‌ಗೆ ಇಷ್ಟೇ ಸಾಕು: ಅರ್ಧ ಕ್ಲಾಸು ದನ ಸಾಕುವವರು, ಇನ್ನರ್ಧ ಸರ್ಕಾರ. ಹೆಕ್ಟೇರಿಗೆ ಎಷ್ಟು ಅಂತ ಚೌಕಾಸಿ ಮಾಡಲಿ, ಗಲಾಟೆಯಾದರೂ ಪರವಾಗಿಲ್ಲ.