ಹೃದಯ ತಪಾಸಣೆಯ ಪತ್ರ ಬಂದಿದೆ ಎಂದು ಕೇಳಿದವರಿಗೆ

ಲೆಸ್ಟರ್‌ಗೆ ಬಂದು ವರ್ಷ ತುಂಬುವ ಮೊದಲೇ ನಲವತ್ತಾರರ ನಿಮ್ಮ ಯಜಮಾನರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಹೆಲ್ತ್ ಚೆಕ್‌ಗೆ ಬರಬೇಕೆಂದು ಪತ್ರ ಬಂದಿದೆ. ಗಟ್ಟಿಮುಟ್ಟಾಗಿರುವವರನ್ನು ಏಕೆ ಕರೆಯುತ್ತಾರೆ, ಇದರಿಂದ ಉಪಯೋಗವಾಗುತ್ತಿದೆಯೇ ಎಂದು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದ್ದೀರಿ. ಇಲ್ಲಿನ ಒಂದು ಕೌನ್ಸಿಲ್‌ನಲ್ಲಿ (ಸ್ಥಳೀಯ ಆಡಳಿತ ಸಂಸ್ಥೆಯಲ್ಲಿ) ಇದೇ ಕಾರ್ಯಕ್ರಮದ ಅನುಷ್ಠಾನವನ್ನು ಪರಿಶೀಲಿಸುವ ಕೆಲಸ ನನ್ನದಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಟ್ಟಿಯಾಗಿರುವವರನ್ನು ಕರೆಯುವುದೇ ಇದರ ಉದ್ದೇಶ. 2009ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಈ ತಪಾಸಣೆಗೆ ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇಲ್ಲದ, 40ರಿಂದ 74 ವರ್ಷದವರನ್ನು ಐದು ವರ್ಷಕ್ಕೊಮ್ಮೆ ಉಚಿತವಾಗಿ ಕರೆಯುತ್ತಾರೆ. 2013ರಿಂದ ಅದರ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ರಕ್ತದೊತ್ತಡ, ಕೊಲೆಸ್ಟ್ರಾಲ್, ತೂಕ ಮುಂತಾದವನ್ನು ನೋಡಿ, ಕ್ಯೂರಿಸ್ಕ್ ಎಂಬ ಲೆಕ್ಕದಿಂದ ಮುಂದಿನ ಹತ್ತು ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಂಭವ ಶೇಕಡಾ ಎಷ್ಟೆಂದು ತಿಳಿಸುತ್ತಾರೆ.

ಉಪಯೋಗದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಇದೇ ಬಗೆಯ ತಪಾಸಣೆ ಮತ್ತು ಸಲಹೆಯನ್ನು ಪರೀಕ್ಷಿಸಿದ ಡೆನ್ಮಾರ್ಕಿನ ಇಂಟರ್99 ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರವೂ ಹೃದ್ರೋಗವಾಗಲಿ ಸಾವುಗಳಾಗಲಿ ಇಳಿದಿರಲಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ನನ್ನ ಅಭಿಪ್ರಾಯದಲ್ಲಿ ಇಂಗ್ಲೆಂಡಿನ ಕಾರ್ಯಕ್ರಮದ ಕೊರತೆ ತಪಾಸಣೆಯಲ್ಲಿರುವುದಕ್ಕಿಂತ ಅದರ ನಂತರದ ಹೆಜ್ಜೆಯಲ್ಲಿದೆ. ಕೌನ್ಸಿಲ್‌ಗಳು ಮೂರು ತಿಂಗಳಿಗೊಮ್ಮೆ ಒಪ್ಪಿಸುವ ಲೆಕ್ಕದಲ್ಲಿ ಎಷ್ಟು ಜನರಿಗೆ ಪತ್ರ ಹೋಯಿತು, ಎಷ್ಟು ಜನ ಬಂದರು ಎಂಬುದಿರುತ್ತದೆ. ಕರೆದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಬರುತ್ತಾರೆ. ಆದರೆ ಸಂಭವ ಶೇಕಡಾ 10 ದಾಟಿದವರೊಡನೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತಾಡಿದರೇ, ಬಿಪಿ ಹೆಚ್ಚಿದ್ದವರನ್ನು ಮತ್ತೆ ಕರೆದು ನೋಡಿದರೇ ಎಂಬುದನ್ನು ತಿಳಿಯಲು ಹೆಸರು ತೆಗೆದ ರೋಗಿಗಳ ದಾಖಲೆಗಳನ್ನು ತೆರೆದು ಹುಡುಕಬೇಕು, ನರ್ಸ್‌ಗಳೊಡನೆ ಕೂತು ಮಾತಾಡಬೇಕು. ಹಲವು ಕಡೆ ಸರ್ಜರಿಗೆ (ಇಲ್ಲಿ ವೈದ್ಯರ ಕ್ಲಿನಿಕ್‌ಗೆ ಹೀಗೆನ್ನುತ್ತಾರೆ) ಹಣ ಸಂದಾಯವಾಗುವುದು ಮುಗಿಸಿದ ತಪಾಸಣೆಗೆ; ಮುಂದಿನದಕ್ಕೆ ಹೇಳುವವರು ಕೇಳುವವರು ಇಲ್ಲದಂತಾಗುವುದು ಅಲ್ಲಿಯೇ.

ನಮ್ಮವರ ವಿಷಯದಲ್ಲಿ ಇನ್ನೂ ಸಣ್ಣ ತೊಡಕುಗಳಿವೆ. ಕ್ಯೂರಿಸ್ಕ್‌ನಲ್ಲಿ ಜನಾಂಗದ ಕಾಲಂ ಖಾಲಿ ಬಿಟ್ಟರೆ ಬಿಳಿಯರೆಂದೇ ಲೆಕ್ಕ ಹಾಕುತ್ತದೆ. ಭಾರತೀಯರೆಂದು ನಮೂದಿಸಿದರೆ ಅದೇ ವ್ಯಕ್ತಿಯ ಸಂಭವ ಹೆಚ್ಚಾಗಿ ಬರುತ್ತದೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ (ಬಿಎಂಐ) ನಮಗೆ 25ಕ್ಕಲ್ಲ, 23ಕ್ಕೇ ಎಚ್ಚರಿಕೆಯ ಗಡಿ. ನಾನು ಪಕ್ಕದಲ್ಲಿ ಕೂತು ನೋಡಿದ ತಪಾಸಣೆಗಳಲ್ಲಿ ಮದ್ಯಪಾನದ ಬಗ್ಗೆ ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ಎರಡು ಹೊತ್ತೂ ಅನ್ನದ ಜೊತೆ ಉಪ್ಪಿನಕಾಯಿ, ಹಪ್ಪಳ ತಿನ್ನುವವರ ಉಪ್ಪಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. (ಕುಡಿಯದ ನಮ್ಮ ಹಿರಿಯರಿಗೆ ಆ ಪ್ರಶ್ನೆಗಳಿಂದ ಬಂದ ಕೋಪವನ್ನು ದಾಖಲಿಸಲು ಯಾವ ಕಾಲಂ ಕೂಡ ಇಲ್ಲ.)

ಆದ್ದರಿಂದ ಅವರನ್ನು ಖಂಡಿತವಾಗಿ ಕಳುಹಿಸಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಅರವತ್ತರೊಳಗೆ ಹೃದಯಾಘಾತವಾಗಿದ್ದರೆ ಕೇಳುವ ಮೊದಲೇ ಹೇಳಲಿ, ಏಕೆಂದರೆ ಊರಿನ ಕಾಗದಪತ್ರ ಇಲ್ಲಿನ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಊರಿನಿಂದ ತಂದ ಬಿಪಿ ಮಾತ್ರೆಯನ್ನು ನುಂಗುತ್ತಿದ್ದರೆ ಆ ಮಾತ್ರೆಯ ಸ್ಟ್ರಿಪ್ಪನ್ನೇ ಜೊತೆಗೆ ಒಯ್ಯಲಿ. ಅದನ್ನು ಮುಚ್ಚಿಟ್ಟರೆ ಲೆಕ್ಕವೇ ತಪ್ಪಾಗುತ್ತದೆ. ಅಂಕಿಗಳನ್ನು ಬರೆಸಿಕೊಂಡು, ಸಂಭವ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಮುಂದಿನ ಭೇಟಿಯ ದಿನಾಂಕವನ್ನು ರಿಸೆಪ್ಷನ್‌ನಲ್ಲಿ ಪಡೆದುಕೊಂಡೇ ಹೊರಡಲಿ.