ಕಬ್ಬಿನ ಹಾಲಿನ ಮದ್ಯ ಬರೀ ಕುಡಿದರೆ ಖಾರ, ಕಾಕ್‌ಟೇಲ್‌ನಲ್ಲಿ ಹಿತ. ಯಾಕೆ?

ಬರೀ ಕುಡಿದಾಗ ಮೊದಲು ಮೂಗಿಗೆ ಬಡಿಯುವುದು ಆಲ್ಕೋಹಾಲ್; ಕಾಕ್‌ಟೇಲ್‌ನಲ್ಲಿ ನೀರು, ಹುಳಿ, ಸಿಹಿ ಸೇರಿ ಆ ಖಾರವನ್ನು ತಗ್ಗಿಸುತ್ತವೆ. ಬೆಂಗಳೂರಿಗರಿಗೆ ಪರಿಚಿತವಾದ ಕಪ್ಪು ರಮ್ ಕಾಕಂಬಿಯದು, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ್ದು. ಕಬ್ಬಿನ ಹಾಲನ್ನು ಕುದಿಸಿ ಸಕ್ಕರೆ ತೆಗೆಯುವಾಗಲೇ ಅದರ ಹಸಿ ಘಮ ಹಾರಿಹೋಗಿರುತ್ತದೆ. ಬ್ರೆಜಿಲ್‌ನ ಕಶಾಸಾ ಹಾಗಲ್ಲ, ಹಸಿ ಕಬ್ಬಿನ ಹಾಲನ್ನೇ ಹುದುಗಿಸಿ ಬಟ್ಟಿ ಇಳಿಸಿದ್ದು. ಕಬ್ಬಿನ ಗಾಡಿಯ ಮುಂದೆ ನಿಂತಾಗ ಬರುವ ಹುಲ್ಲಿನಂಥ ವಾಸನೆ ಅದರಲ್ಲಿ ಉಳಿದಿರುತ್ತದೆ.

ಅದನ್ನು ಹಿಡಿಯಬೇಕೆಂದರೆ 30 ಮಿ.ಲೀ. ಸುರಿದು 5 ನಿಮಿಷ ಬಿಡಿ. ಬಾಯಿ ತುಸು ತೆರೆದು ಮೂಸಿ, 1 ಚಮಚ ನೀರು ಬೆರೆಸಿ ಗುಟುಕರಿಸಿ. ಐಸ್ ಬೇಡ, ತಣ್ಣಗಾದರೆ ಘಮವೂ ಅಡಗುತ್ತದೆ.

ಕಶಾಸಾದಿಂದ ಮಾಡುವ ಕಾಕ್‌ಟೇಲ್ ಕೈಪಿರಿನ್ಹಾಗೆ 60 ಮಿ.ಲೀ. ಕಶಾಸಾ, 2 ಚಮಚ ಸಕ್ಕರೆ, ಒಂದು ನಿಂಬೆಹಣ್ಣು, ತುಂಬ ಐಸ್. ನಿಂಬೆಯನ್ನು ಮೆಲ್ಲಗೆ ಒತ್ತಿ. ಸಿಪ್ಪೆಯೊಳಗಿನ ಬಿಳಿ ಭಾಗ ನಜ್ಜುಗುಜ್ಜಾದರೆ ಇಡೀ ಲೋಟ ಕಹಿಯಾಗುತ್ತದೆ.