ಮನೆಯಲ್ಲಿ ಒಬ್ಬರಿಗೆ ಟಿಬಿ, ಉಳಿದವರಿಗೂ ಪರೀಕ್ಷೆ ಬೇಕಾ?

ಮಾವನವರಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಗಿದೆ, ಮನೆಯಲ್ಲಿ ಬೇರೆ ಯಾರಿಗೂ ಕೆಮ್ಮಿಲ್ಲ, ಆದರೂ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಬೇಕು. ಒಂದೇ ಮನೆಯಲ್ಲಿರುವ ಎಲ್ಲರಿಗೂ ಬೇಕು.

ನನಗೆ ಜಾಸ್ತಿ ಚಿಂತೆ ನಿಮ್ಮ 3 ವರ್ಷದ ಮಗಳದ್ದು. 5 ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ, ಮೆದುಳಿಗೂ ಹೋಗಬಹುದು. ಹುಟ್ಟಿದಾಗಲೇ ಬಿಸಿಜಿ (ಟಿಬಿ ತಡೆಯುವ ಲಸಿಕೆ) ಹಾಕಿಸಿದ್ದೇವೆ ಅಂತ ಸುಮ್ನೆ ಇರಬೇಡಿ, ಅದು ಪೂರ್ತಿ ರಕ್ಷಣೆ ಅಲ್ಲ. ಮಕ್ಕಳು ಕೆಮ್ಮದೇ ಇರಬಹುದು. ತೂಕ ಏರದಿದ್ದರೆ, ಆಟ ಬಿಟ್ಟು ಮಂಕಾಗಿದ್ದರೆ, ಜ್ವರ ಬಿಡದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ, ಮುಂದೆ ಬರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಮಗು ಚೆನ್ನಾಗಿದೆಯಲ್ಲ ಅಂತ ನಡುವೆ ನಿಲ್ಲಿಸಬೇಡಿ.

ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ. ಅದಿದ್ದರೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ಅವರಿಗೆ ಎದೆಯ ಎಕ್ಸ್‌ರೇ ತೆಗೆಸಿ. ಬೀಡಿ ಸೇದುವವರು, ಕಲ್ಲುಕ್ವಾರಿಯಲ್ಲಿ ದುಡಿದವರು, ಎಚ್‌ಐವಿ ಇರುವವರು, ತೀರಾ ಸೊರಗಿದವರು ಇದ್ದರೆ ಅವರಿಗೂ ಅಪಾಯ ಜಾಸ್ತಿ.

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರದ ಕಡೆ ಕಫ ಪರೀಕ್ಷೆ, ಮಾತ್ರೆ ಎಲ್ಲಾ ಉಚಿತ. ಮಾವನವರ ತಟ್ಟೆ ಲೋಟ ಬೇರೆ ಮಾಡಬೇಡಿ, ಅದರಿಂದ ಹರಡುವುದಿಲ್ಲ, ಅವರ ಮನಸ್ಸು ನೋಯುತ್ತದೆ ಅಷ್ಟೇ. ಕಿಟಕಿ ತೆರೆದಿಡಿ.